ನಮ್ಮ ಮಾವ ವಿಭೂತಿ ಊದುವುದನ್ನು ಬಿಟ್ಟದ್ದು

ನಮ್ಮ ಮರಳೂರಿನ ಬೀದಿಯಲ್ಲಿ ಮಗುವಿಗೆ ಜ್ವರ ಬಂದರೆ ಜನ ಮೊದಲು ಬರುವುದು ನಮ್ಮ ಮನೆಗೆ. ಆಸ್ಪತ್ರೆ ಆಮೇಲೆ.

ನಮ್ಮ ಮಾವ ಪರಮಶಿವಯ್ಯನವರು ವಿಭೂತಿ ಊದುತ್ತಾರೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಕೂರುತ್ತಾರೆ. ಬಂದವರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಬೇಕು. ಮಾವ ಚಿಟಿಕೆ ವಿಭೂತಿ ಹಿಡಿದು, ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿ, ಮುಖದ ಮೇಲೆ ಮೂರು ಸಲ ಊದಿ ಹಣೆಗೆ ಹಚ್ಚುತ್ತಾರೆ. ಯಾರಿಂದಲೂ ಒಂದು ಕಾಸು ಮುಟ್ಟುವುದಿಲ್ಲ. "ಊದಿದೀನಿ, ಈಗ ಡಾಕ್ಟ್ರ ಹತ್ರ ಹೋಗವ್ವ" ಎಂದು ಹೇಳಿ ಕಳಿಸುವಷ್ಟು ತಿಳಿವಳಿಕೆಯೂ ಅವರಿಗಿದೆ. ಹುತ್ರಿದುರ್ಗದ ಕಡೆಯಿಂದ ಬಂದು ಮೂವತ್ತು ವರ್ಷವಾಯಿತು. ಬೀದಿಯ ಎಷ್ಟೋ ಮಕ್ಕಳು ಅವರ ಕೈಯಲ್ಲಿ ವಿಭೂತಿ ಹಚ್ಚಿಸಿಕೊಂಡೇ ದೊಡ್ಡವರಾಗಿ, ಈಗ ತಮ್ಮ ಮಕ್ಕಳನ್ನು ಕರೆತರುತ್ತಿದ್ದಾರೆ.

ಆದರೆ ಮಾವನಿಗೆ ಎಪ್ಪತ್ನಾಲ್ಕು ವರ್ಷ. ಶುಗರ್ ಇದೆ. ದಮ್ಮು ಇದೆ, ಚಳಿಗಾಲದಲ್ಲಿ ಬಾಯಿಗೆ ಇನ್‌ಹೇಲರ್ ಪಂಪ್ ಹೊಡೆದುಕೊಳ್ಳದೆ ನಿದ್ದೆ ಬರುವುದಿಲ್ಲ. ಬೀದಿಯ ಜ್ವರ, ಕೆಮ್ಮು, ನೆಗಡಿಯೆಲ್ಲ ಪ್ರತಿದಿನ ಬಂದು ಇಂಥವರ ಮುಖದ ಮುಂದೆಯೇ ಕೂರುತ್ತಿತ್ತು. ಇದರಲ್ಲಿ ಏನೋ ತಪ್ಪಿದೆ ಎಂದು ಈ ಮನೆಯ ಸೊಸೆಯಾದ ನನಗೆ ಎಂಟು ವರ್ಷ ಹೊಳೆಯಲೇ ಇಲ್ಲ. ಹೊಳೆದ ಮೇಲೂ ಹೇಳಲು ಬಾಯಿ ಬರಲಿಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದು ಕೂತಿದ್ದೇನೆ.

ಆ ಸೋಮವಾರ ಬಂದವನು ಹಿಂದಿನ ರಸ್ತೆಯ ಸಂಗಮೇಶ್. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕಣ್ಣು ಕೆಂಪಾಗಿತ್ತು, ದನಿ ಕೂತಿತ್ತು.

"ಅಯ್ಯನೋರೇ, ನಮ್ ಶಿಫ್ಟ್‌ನಾಗೆ ಅರ್ಧ ಜನ ಕೆಮ್ತಾವ್ರೆ. ಮೈಯೆಲ್ಲ ನೋವು. ಒಂದ್ಸಲ ಊದ್ಬುಡಿ" ಎಂದು ಚಾಪೆಯ ಮೇಲೆ ಕೂತ. ಮಾವ ಊದುವಷ್ಟರಲ್ಲಿ ಅವನಿಗೆ ಸೀನು ಬಂತು. ಒಂದಲ್ಲ, ಮೂರು. ಕೈ ಅಡ್ಡ ಹಿಡಿಯುವುದಕ್ಕೂ ಆಗಲಿಲ್ಲ. ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿನಿಂದ ಮಂತ್ರ ಹೇಳಿದರು.

ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮಂಜುಳಮ್ಮ. ನಾವೆಲ್ಲ ಮಂಜುಳಕ್ಕ ಅನ್ನುತ್ತೇವೆ. ಸಂಗಮೇಶ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಒಳಗೆ ಬಂದರು.

"ಅಯ್ಯನೋರೇ, ತಪ್ಪು ತಿಳ್ಕೋಬೇಡಿ. ಜ್ವರ ಕೆಮ್ಮು ಇರೋರ್ನ ಹಿಂಗೆ ಮುಖಕ್ಕೆ ಮುಖ ಕೊಟ್ಟು ಕೂರಿಸ್ಕೋಬೇಡಿ. ಊರಲ್ಲಿ ಕರೋನಾ ಮತ್ತೆ ಅಲ್ಲಲ್ಲಿ ಕಾಣಿಸ್ಕೊಂಡೈತೆ."

ಮಾವ ನಕ್ಕರು. "ಕರೋನಾ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಮಂಜುಳಮ್ಮ. ಇನ್ನೂ ಅದೇ ಜಪ ಮಾಡ್ತಿದೀಯ?"

"ಹೋಗಿಲ್ಲ ಅಯ್ಯನೋರೇ. ನಮ್ ಜೊತೇಲೇ ಉಳ್ಕೊಂಡೈತೆ. ಬಾಡಿಗೆ ಕೊಡದೆ ಇರೋ ಬಾಡಿಗೆದಾರನ ಥರ. ಫ್ಲೂ ಬರುತ್ತಲ್ಲ, ಹಂಗೆ ಆಗಾಗ ಎದ್ದು ಬರುತ್ತೆ. ಗಟ್ಟಿಮುಟ್ಟಾಗಿರೋರಿಗೆ ನಾಕು ದಿನ ಜ್ವರ, ಕೆಮ್ಮು, ಆಮೇಲೆ ಸರಿಹೋಗುತ್ತೆ. ಹೆದ್ರಿ ಬಾಗಲು ಹಾಕ್ಕೊಂಡು ಕೂರೋದೇನೂ ಬೇಡ. ಆದ್ರೆ ನಿಮ್ಮಂಥ ವಯಸ್ಸಾದೋರು, ಶುಗರು, ದಮ್ಮು ಇರೋರು, ಬಸುರಿ ಹೆಂಗಸ್ರು, ಎಳೆ ಕೂಸುಗಳು, ಇವ್ರಿಗೆ ಅದು ಇವತ್ತಿಗೂ ಸಣ್ಣ ಕಾಯ್ಲೆ ಅಲ್ಲ."

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಸಿದ್ದಗಂಗಮ್ಮನವರು ಬಂದರು. "ಏನ್ ಮಾತು ಅಂತ ಆಡ್ತೀಯ ಮಂಜುಳ? ನಂಬ್ಕೊಂಡು ಬಂದೋರ್ನ ಬಾಗಲಲ್ಲಿ ನಿಲ್ಸೋಕಾಗುತ್ತಾ? ಕಾಯ್ಲೆ ಇಲ್ದೇ ಇರೋರು ವಿಭೂತಿಗೆ ಯಾಕ್ ಬತ್ತಾರೆ?"

"ಅಮ್ಮಾ, ಬರ್ಲಿ. ಹೊರಗೆ ಜಗಲಿ ಮೇಲೆ ಗಾಳಿ ಆಡೋ ಕಡೆ ಕೂತ್ಕೊಳ್ಲಿ. ಮಾಸ್ಕ್ ಹಾಕ್ಕೊಂಡು ಬರ್ಲಿ. ಅಯ್ಯನೋರೂ ಹಾಕ್ಕೊಳ್ಲಿ. ಊದೋ ಬದ್ಲು ಕೈಗೆ ಕೊಡ್ಲಿ."

"ಊದದೇ ಇದ್ರೆ ಅದು ಬರೀ ಬೂದಿ ಕಣಮ್ಮ" ಅಂದರು ಮಾವ. ದನಿ ಗಡುಸಾಗಿತ್ತು. "ಮೂವತ್ತು ವರ್ಷದಿಂದ ಊದ್ತಿದೀನಿ. ಊದೋನಿಗೆ ಕಾಯ್ಲೆ ಬರಲ್ಲ. ನೀನು ಎಳನೀರು ಕುಡ್ದು ಹೋಗು."

ಮಂಜುಳಕ್ಕ ಎಳನೀರು ಕುಡಿಯಲಿಲ್ಲ. ಗೇಟಿನವರೆಗೆ ಬಂದ ನನ್ನ ಕೈ ಹಿಡಿದು, "ನೀನಾದ್ರೂ ಹೇಳೇ ಪಲ್ಲವಿ" ಅಂದರು. ನಾನು ತಲೆ ಆಡಿಸಿದೆ. ಹೇಳಲಿಲ್ಲ. ಸೊಸೆ ಬಂದು ಮಾವನ ಪೂಜೆಗೇ ಅಡ್ಡ ಬಂದಳು ಎನ್ನುವ ಮಾತು ಯಾರಿಗೆ ಬೇಕು?

ಗುರುವಾರ ಬೆಳಿಗ್ಗೆ ಕಾಫಿ ಕೊಡುವಾಗ ಮಾವ ಎರಡು ಸಲ ಗಂಟಲು ಸರಿಮಾಡಿಕೊಂಡರು. ನಾನು ಲೋಟ ಹಿಡಿದುಕೊಂಡೇ ನಿಂತೆ.

"ಮಾವ, ಗಂಟಲು ನೋವಾ?"

"ಏನಿಲ್ಲ ಕಣವ್ವ. ನಿನ್ನೆ ತಣ್ಣನೆ ನೀರು ಕುಡಿದೆ, ಅದಕ್ಕೆ."

ಹೊರಗೆ ಜನ ಕಾಯುತ್ತಿದ್ದರು. ಅವರಲ್ಲಿ ಕಾವ್ಯಳೂ ಇದ್ದಳು. ನಮ್ಮ ಎದುರು ಮನೆಯ ಬಾಣಂತಿ, ಇಪ್ಪತ್ತೆರಡು ವರ್ಷದ ಹುಡುಗಿ. ಸೊಂಟದಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಮಗುವಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ರಾತ್ರಿಯೆಲ್ಲ ಅಳುತ್ತದೆ, ದೃಷ್ಟಿಯಾಗಿದೆಯೇನೋ ಎಂದು ತಂದಿದ್ದಳು. ಮಾವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಗ್ಗಿ, ಅದರ ಪುಟ್ಟ ಮುಖದ ಮೇಲೆ ಮೂರು ಸಲ ಊದಿದರು. ಮಗು ಕಣ್ಣು ಮಿಟುಕಿಸಿ ನಕ್ಕಿತು.

"ಮಾವ, ಇವತ್ತು ಬೇಡ" ಎಂಬ ಮೂರು ಮಾತು ನನ್ನ ಗಂಟಲಲ್ಲೇ ಇತ್ತು. ಹೊರಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ಹಿಟ್ಟು ನಾದಿದೆ. ಆ ಬೆಳಿಗ್ಗೆ ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಶುಕ್ರವಾರವೂ ಮಾವ ಏಳು ಜನಕ್ಕೆ ಊದಿದರು. ಮಧ್ಯಾಹ್ನ ಊಟ ಬೇಡವೆಂದು ಮಲಗಿದರು. ಹಣೆ ಮುಟ್ಟಿದರೆ ಕೆಂಡದಂತಿತ್ತು.

ಸಂಜೆ ಸಂಗಮೇಶನ ಫೋನ್ ಬಂತು. "ಅಕ್ಕಾ, ಅಯ್ಯನೋರು ಹೆಂಗವ್ರೆ?"

"ಜ್ವರ. ಯಾಕೆ?"

"ಅಕ್ಕಾ, ಬೈಬೇಡಿ. ನಂದು ಕೋವಿಡ್ ಪಾಸಿಟಿವ್. ಮನೇಲಿ ಹೆಂಡ್ತಿ ಬಸುರಿ ಅಂತ ಡಾಕ್ಟ್ರು ಟೆಸ್ಟ್ ಮಾಡ್ಸಿದ್ರು. ಬುಧವಾರನೇ ಗೊತ್ತಾಯ್ತು."

"ಬುಧವಾರ ಗೊತ್ತಾಗಿದ್ದು ಶುಕ್ರವಾರ ಹೇಳ್ತಿದೀಯಲ್ಲೋ!"

"ಮೊದ್ಲು ಕರೋನಾ ಬಂದಾಗ ಮನೆ ಮುಂದೆ ತಡಿಕೆ ಕಟ್ಟಿದ್ರಲ್ಲಕ್ಕ, ನೆನಪೈತಲ್ಲ? ಜನ ನಮ್ಮನ್ನ ಕಳ್ಳರ ಥರ ನೋಡಿದ್ರು. ಅಯ್ಯನೋರಿಗೆ ಯಾವ ಬಾಯಲ್ಲಿ ಹೇಳ್ಲಿ ಅಂತ..." ಬೈಯಬೇಕು ಅನ್ನಿಸಿತು. ಆದರೆ ಬೈಯುವುದಕ್ಕೆ ನನಗೆ ಯಾವ ಯೋಗ್ಯತೆ ಇತ್ತು? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರಲ್ಲಿ ನಾನೂ ಒಬ್ಬಳಲ್ಲವೇ?

ಮಂಜುಳಕ್ಕನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಮಾಸ್ಕ್ ಹಾಕಿಕೊಂಡು ಬಂದರು. ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ.

"ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ತಾವಿಲ್ಲ ಅಂತಾರೆ. ಈಗ ಅಳ್ಬೇಡ, ಕೆಲ್ಸ ನೋಡು" ಅಂದರು. ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಟೆಸ್ಟ್ ಪಾಸಿಟಿವ್ ಬಂತು. ಡಾಕ್ಟರು ಔಷಧಿ ಬರೆದುಕೊಟ್ಟು, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ನೋಡಲು ಹೇಳಿದರು. ತೊಂಬತ್ನಾಲ್ಕಕ್ಕಿಂತ ಕೆಳಗಿಳಿದರೆ ಒಂದು ನಿಮಿಷವೂ ಕಾಯಬಾರದು ಎಂದರು.

ಹಿಂದಿನ ಕೋಣೆಯ ಎರಡೂ ಕಿಟಕಿ ತೆರೆದು ಮಾವನ ಮಂಚ ಹಾಕಿದೆವು. ಅತ್ತೆಗೂ ಅರವತ್ತೆಂಟು; ಅವರನ್ನು ಆ ಕೋಣೆಗೆ ಬಿಡಲಿಲ್ಲ. ಮೊದಲ ಸಲ ಅತ್ತೆಯ ಎದುರು ಬಾಗಿಲಿಗೆ ಅಡ್ಡ ನಿಂತು, "ನೀವು ಬರಂಗಿಲ್ಲ ಅತ್ತೆ" ಅಂದೆ. ಅವರು ನನ್ನ ಮುಖ ನೋಡಿದರು, ಕಣ್ಣಲ್ಲಿ ನೀರು ತುಂಬಿತು, ಹಾಲ್‌ಗೆ ಹೋಗಿ ಕೂತರು. ನಾನೊಬ್ಬಳೇ ಮಾಸ್ಕ್ ಹಾಕಿಕೊಂಡು ಗಂಜಿ, ಬಿಸಿನೀರು ಕೊಟ್ಟು, ಹೊರಗೆ ಬಂದು ಸೋಪಿನಿಂದ ಕೈ ತೊಳೆಯುತ್ತಿದ್ದೆ.

ಶನಿವಾರ ಬೆಳಿಗ್ಗೆ ತೊಂಬತ್ತಾರು. ಸಂಜೆ ತೊಂಬತ್ತೈದು. ನನ್ನ ಗಂಡ ಗುರುಪ್ರಕಾಶ್ ಗುಬ್ಬಿಯಲ್ಲಿ ಅಂಗಡಿ ಇಟ್ಟಿದ್ದಾರೆ. ಅದನ್ನು ಮುಚ್ಚಿ ಮನೆಯಲ್ಲೇ ಇದ್ದರು. ಒಳಗಿನ ಡಬ್ಬಿಯಿಂದ ಮಾತ್ರೆಯ ಪಟ್ಟಿ ಒಂದನ್ನು ಹುಡುಕಿ ತಂದರು.

"ಲೇ, ಇದು ನಂಗೆ ಹೋದ್ ವರ್ಷ ಕೆಮ್ಮಿದ್ದಾಗ ಮೆಡಿಕಲ್‌ನೋನು ಕೊಟ್ಟಿದ್ದು. ಎರಡೇ ದಿನಕ್ಕೆ ವಾಸಿ ಆಗಿತ್ತು. ಅಪ್ಪಂಗೆ ಕೊಡಾಣ."

"ಬೇಡ ರೀ. ಅದೇನು ಮಾತ್ರೆ ಅಂತ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಶುಗರ್ ಎಲ್ಲಿಗೋ ಏರಿಬಿಟ್ರೆ? ಡಾಕ್ಟ್ರು ಬರೆದುಕೊಟ್ಟಿದ್ದು ಬಿಟ್ಟು ಬೇರೆ ಒಂದೂ ಕೊಡಲ್ಲ."

ಅವರು ಪಟ್ಟಿಯನ್ನು ಮೇಜಿನ ಮೇಲೆ ಎಸೆದರು. ಅಪ್ಪನಿಗೆ ಏನಾಗುತ್ತದೋ ಎಂಬ ಭಯವನ್ನು ನನ್ನ ಮೇಲಿನ ಕೋಪ ಮಾಡಿಕೊಂಡಿದ್ದರು, ಅಷ್ಟೇ.

ಭಾನುವಾರ ಮುಂಜಾನೆ ಮೀಟರಿನಲ್ಲಿ ತೊಂಬತ್ತೆರಡು. ಬೆರಳು ಒರೆಸಿ, ಬೇರೆ ಬೆರಳಿಗೆ ಹಾಕಿ ನೋಡಿದೆ. ತೊಂಬತ್ತೆರಡೇ. ಮಾವ ಒಂದು ವಾಕ್ಯ ಪೂರ್ತಿ ಮಾಡುವುದಕ್ಕೆ ಎರಡು ಸಲ ಉಸಿರೆಳೆಯುತ್ತಿದ್ದರು.

"ಮಾವ, ಆಸ್ಪತ್ರೆಗೆ ಹೋಗಾಣ. ಗಾಡಿಗೆ ಫೋನ್ ಮಾಡ್ತೀನಿ."

"ಇವತ್ತು ಬುಡವ್ವ. ನಾಳೆ ನೋಡಾಣ. ಅಲ್ಲಿ ಹೋದೋರು..." ಮಾತು ಅರ್ಧಕ್ಕೆ ನಿಂತಿತು. ಕರೋನಾದ ಆ ಮೊದಲ ದಿನಗಳಲ್ಲಿ ಅವರ ತಮ್ಮ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಮುಖ ನೋಡುವುದಕ್ಕೂ ಬಿಟ್ಟಿರಲಿಲ್ಲ. ಮಾವನಿಗೆ ಹೆದರಿಕೆಯಿತ್ತು. ಮೂವತ್ತು ವರ್ಷದಲ್ಲಿ ಬೀದಿಯವರ ಹೆದರಿಕೆಯನ್ನೆಲ್ಲ ಊದಿ ಕಳಿಸಿದವರು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಅಷ್ಟರಲ್ಲಿ ವಿಚಾರಿಸಿಕೊಳ್ಳಲು ಬಂದ ಮಂಜುಳಕ್ಕ ಬಾಗಿಲ ಹೊರಗಿನಿಂದಲೇ ಕೇಳಿದರು. "ಅಯ್ಯನೋರೇ, ಗುರುವಾರ ಶುಕ್ರವಾರ ಯಾರ್ಯಾರಿಗೆ ಊದಿದ್ರಿ? ಹೆಸ್ರು ಹೇಳಿ. ಅವ್ರಿಗೆಲ್ಲ ಹುಷಾರಾಗಿರಿ ಅಂತ ಹೇಳ್ಬೇಕು."

ಮಾವ ಒಂದೊಂದೇ ಹೆಸರು ಹೇಳಿದರು. ದಾಸಯ್ಯ. ದಾಸಯ್ಯನ ಮೊಮ್ಮಗ. ಮೂಲೆ ಮನೆಯ ಸುಂದರಮ್ಮ. ಹನ್ನೊಂದು ಹೆಸರಾದ ಮೇಲೆ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಕಾವ್ಯನ ಕೂಸು" ಅಂದರು.

ಮಾವ ನಮ್ಮ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ದಿಗಿಲನ್ನು ನಾನು ಎಂದೂ ನೋಡಿರಲಿಲ್ಲ.

"ಕೂಸು ಹೆಂಗೈತೆ?"

"ನಿನ್ನೆ ರಾತ್ರಿಯಿಂದ ಮೈ ಬಿಸಿ ಅಂತೆ. ಇವತ್ತು ಬೆಳಗ್ಗೆನೇ ಮಕ್ಕಳ ಡಾಕ್ಟ್ರಿಗೆ ತೋರಿಸ್ತಾವ್ರೆ" ಅಂದರು ಮಂಜುಳಕ್ಕ.

"ನಂಗೆ ಗಂಟಲು ಕೆರೀತಿತ್ತು ಕಣವ್ವ" ಅಂದರು ಮಾವ. "ಗೊತ್ತಿತ್ತು. ಬಂದೋರ್ನ ಹೆಂಗೆ ವಾಪಸ್ ಕಳಿಸ್ಲಿ ಅಂತ ಊದ್ಬುಟ್ಟೆ. ನನ್ ಕೈಯಾರೆ ಆ ಕೂಸಿಗೆ..." ಮುಂದಿನದು ಕೆಮ್ಮಿನಲ್ಲಿ ಮುಳುಗಿತು. ಕೆಮ್ಮು ನಿಂತ ಮೇಲೆ ಅವರೇ ಕೈ ಚಾಚಿದರು. "ಎಬ್ಸು. ಹೋಗಾಣ."

ನೂರಾ ಎಂಟಕ್ಕೆ ಫೋನ್ ಮಾಡಿದೆವು. ಗಾಡಿ ಬರುವವರೆಗಿನ ಆ ಹೊತ್ತು ಹೇಗೆ ಕಳೆಯಿತೋ ಆ ಶಿವನಿಗೇ ಗೊತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ನ್ಯುಮೋನಿಯಾ ಶುರುವಾಗಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಐದು ದಿನ ನಾವು ಮೀಟರಿನ ಅಂಕಿಯನ್ನೇ ನೋಡುತ್ತಾ ಕೂತೆವು. ಒಂದು ಅಂಕಿ ಏರಿದರೆ ಕಾಫಿ ಕುಡಿಯುತ್ತಿದ್ದೆವು, ಒಂದು ಇಳಿದರೆ ಅದೂ ಸೇರುತ್ತಿರಲಿಲ್ಲ. ಅತ್ತೆ ಮನೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರಂತೆ.

ಮಾವ ಮಾತ್ರ ಪ್ರತಿದಿನ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕೂಸು?"

ಮೂರನೆಯ ದಿನ ನಾನೇ ಕಾವ್ಯಳಿಗೆ ಫೋನ್ ಹಚ್ಚಿ ಮಾವನ ಕೈಗೆ ಕೊಟ್ಟೆ. ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕನ್ನು ನರ್ಸಮ್ಮ ಒಂದೇ ನಿಮಿಷಕ್ಕೆ ಸರಿಸಿಕೊಟ್ಟರು.

"ಕಾವ್ಯ, ನಾನು ಕಣವ್ವ, ಪರಮಶಿವಯ್ಯ. ನಂಗೆ ಮೈ ಸರಿ ಇರ್ಲಿಲ್ಲ. ಗೊತ್ತಿದ್ದೂ ನಿನ್ ಮಗೀನ ಮುಖದ ಮ್ಯಾಲೆ ಊದಿದೆ. ತಪ್ಪಾಯ್ತು ತಾಯಿ. ಕ್ಷಮಿಸ್ಬುಡು."

ಹಬ್ಬದ ದಿನ ಬೀದಿಗೆ ಬೀದಿಯೇ ಬಂದು ಕಾಲಿಗೆ ಬೀಳುವ ಮನುಷ್ಯ. ಮೊಮ್ಮಗಳ ವಯಸ್ಸಿನ ಹುಡುಗಿಯ ಹತ್ತಿರ ಕ್ಷಮೆ ಕೇಳುತ್ತಿದ್ದರು. ಆ ಕಡೆಯಿಂದ ಮೊದಲು ಅಳು ಕೇಳಿಸಿತು. ಆಮೇಲೆ ಮಾತು.

"ಅಯ್ಯೋ, ಹಂಗನ್ಬೇಡಿ ಅಯ್ಯನೋರೇ. ಪಾಪುಗೆ ಜ್ವರ ಬಿಟ್ಟೈತೆ. ಹಾಲು ಕುಡೀತಾ ಅವ್ಳೆ. ಡಾಕ್ಟ್ರು ಹೆದ್ರಬೇಡಿ ಅಂದ್ರು. ನೀವು ಹುಷಾರಾಗಿ ಬನ್ನಿ."

ಮಾವ ಫೋನನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರು ಕಿವಿಯವರೆಗೆ ಹರಿಯಿತು. ನಾನು ಒರೆಸಲು ಹೋಗಲಿಲ್ಲ.

ಮಾವ ಮನೆಗೆ ಬಂದು ತಿಂಗಳಾಯಿತು. ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು ಬರುತ್ತದೆ. ಬಂದ ವಾರ ಸೇಬು, ಮೋಸಂಬಿ, ಬ್ರೆಡ್ಡು ಹಿಡಿದು ನೋಡಲು ಬಂದವರನ್ನೆಲ್ಲ ಅತ್ತೆಯೇ ಜಗಲಿಯಲ್ಲಿ ತಡೆದು, "ಯಾರಿಗಾದ್ರೂ ಕೆಮ್ಮು ನೆಗಡಿ ಐತಾ? ಇದ್ರೆ ಫೋನಲ್ಲೇ ಮಾತಾಡಿ, ಬೇಜಾರು ಮಾಡ್ಕೋಬೇಡಿ" ಅನ್ನುತ್ತಿದ್ದರು. ನಂಬಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬಾರದು ಎಂದ ಅದೇ ಅತ್ತೆ! ಒಳಗೆ ನಿಂತು ಕೇಳಿಸಿಕೊಂಡು ನನಗೆ ನಗುವೂ ಬಂತು, ಅಳುವೂ ಬಂತು.

ಮೊನ್ನೆ ಒಬ್ಬ ತಾಯಿ ಜ್ವರದ ಮಗುವನ್ನು ಹೊತ್ತು ಬಂದಳು. ಮಾವ ಮಾಸ್ಕ್ ಹಾಕಿಕೊಂಡು ಜಗಲಿಯ ಆ ತುದಿಯಲ್ಲಿ ಕೂತಿದ್ದರು. ಅತ್ತೆ ಪೇಪರಿನಲ್ಲಿ ಕಟ್ಟಿಟ್ಟಿದ್ದ ವಿಭೂತಿ ಪೊಟ್ಟಣವನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದರು.

"ಊದಲ್ವಾ ಅಯ್ಯನೋರೇ? ನೀವು ಊದದಿದ್ರೆ ಹೆಂಗೆ ವಾಸಿಯಾಗುತ್ತೆ?" ಅಂದಳು ಆಕೆ.

"ಮಂತ್ರ ನಾನು ಹೇಳ್ತೀನವ್ವ. ಹಣೆಗೆ ನೀನೇ ಹಚ್ಚು, ಹೆತ್ತ ಕೈ ಅದು" ಅಂದರು ಮಾವ. "ಊದಲ್ಲ. ಶಿವನಿಗೆ ನನ್ನ ಉಸಿರೇನೂ ಬೇಕಾಗಿಲ್ಲ. ನನ್ನ ಉಸಿರು ಎಂಥದು ಅಂತ ನಂಗೆ ಗೊತ್ತಾಗೈತೆ. ಹಚ್ಚಿ, ಸೀದಾ ಡಾಕ್ಟ್ರ ಹತ್ರ ಹೋಗು."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮಗೆ ನನ್ನದೊಂದು ಮಾತು. ಕರೋನಾ ನಮ್ಮ ನಡುವೆಯೇ ಇದೆ. ಅದಕ್ಕಾಗಿ ಅಂಗಡಿ, ಶಾಲೆ, ಹಬ್ಬ ಯಾವುದನ್ನೂ ಬಿಡಬೇಕಿಲ್ಲ. ಆದರೆ ಜ್ವರ, ಕೆಮ್ಮು, ಗಂಟಲು ನೋವು ಬಂದ ದಿನ ಮನೆಯಲ್ಲೇ ಇರಿ. ಹೊರಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಿ. ಕೆಮ್ಮುವಾಗ, ಸೀನುವಾಗ ಮೊಣಕೈ ಅಡ್ಡ ಹಿಡಿಯಿರಿ. ಕಿಟಕಿ ತೆರೆದಿಡಿ, ಕೈ ತೊಳೆಯಿರಿ. ಮನೆಯಲ್ಲಿ ವಯಸ್ಸಾದವರು, ಶುಗರ್, ದಮ್ಮು, ಹೃದಯದ ತೊಂದರೆ ಇರುವವರು, ಬಸುರಿಯರು ಇದ್ದರೆ ಜ್ವರದ ಮೊದಲ ದಿನವೇ ಡಾಕ್ಟರಿಗೆ ತೋರಿಸಿ. ಅವರಿಗೆ ಮತ್ತೆ ಲಸಿಕೆ ಬೇಕೇ ಎಂದೂ ಕೇಳಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ನಾಳೆ ಅನ್ನಬೇಡಿ. ನೂರಾ ಎಂಟಕ್ಕೆ ಫೋನ್ ಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿಬಿಟ್ಟು ಹೇಳಿ. ನನಗೆ ಕಾಯಿಲೆ ಇದೆ ಎಂದು ಹೇಳುವುದು ಅವಮಾನವಲ್ಲ. ಇವತ್ತು ಬೇಡ ಎಂದು ಹಿರಿಯರಿಗೆ ಹೇಳುವುದು ಅಗೌರವವಲ್ಲ. ಸಂಗಮೇಶ ಸಂಕೋಚಪಟ್ಟ, ಮಾವ ದಾಕ್ಷಿಣ್ಯಪಟ್ಟರು, ನಾನು ಹೆದರಿದೆ. ಮೂರು ಜನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದು ಜೀವ ಸಾವಿನ ಬಾಗಿಲವರೆಗೂ ಹೋಗಿತ್ತು.

ನಮ್ಮ ಮಾವ ವಾಪಸು ಬಂದರು. ಎಲ್ಲರ ಮನೆಯವರೂ ಹಾಗೆ ಬರುತ್ತಾರೆ ಎಂದು ನಾನು ಮಾತು ಕೊಡಲಾರೆ. ನಿಮ್ಮ ಮನೆಯಲ್ಲಿ ಇವತ್ತು ಯಾರಾದರೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರೆ, ಈಗಲೇ ಎದ್ದು ಹೋಗಿ ಕೇಳಿ.